ಸಾಣೆ ಮತ್ತು ಹದ: ಹಾಸನ ಸೀಮೆಯ ಅಲಗುಗಳ ಚರಿತ್ರೆಯಲ್ಲಿ ಒಂದು ವಿವೇಚನೆ

ಆಯುಧಗಳ ಮತ್ತು ಉಪಕರಣಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕುಲುಮೆಯಿಂದ ಹೊರಟು, ಆ ಉಪಕರಣವನ್ನು ಹಿಡಿದ ಕೈಯ ಕಡೆಗೆ ಸಾಗುತ್ತಾರೆ. ಕಬ್ಬಿಣವನ್ನು ಎಲ್ಲಿ ಕರಗಿಸಿದರು, ಉಕ್ಕನ್ನು ಹೇಗೆ ಮಾಡಿದರು, ಕತ್ತಿಯನ್ನು ಯಾರು ಹಿಡಿದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ವಿಷಯ ಮುಗಿಯಿತೆಂದು ಭಾವಿಸುವುದುಂಟು. ಇವೆರಡರ ನಡುವೆ ಸಾಣೆಯೆಂಬುದೊಂದಿದೆ. ಮಚ್ಚಾಗಲಿ ಕುಡುಗೋಲಾಗಲಿ ಕುಲುಮೆಯಿಂದ ಹೊಸದಾಗಿ ಹೊರಬರುವುದು ಒಂದೇ ಸಲ; ಅದು ಸವೆದು ಮೂಲೆ ಸೇರುವವರೆಗೆ ಕಲ್ಲಿಗೂ ಸಾಣೆಗೂ ಹೋಗುವುದು ನೂರಾರು ಸಲ. ಆದುದರಿಂದ ಇಂದು ನಮ್ಮ ಕೈಗೆ ಸಿಗುವ ಹಳೆಯ ಅಲಗಿನ ಬಾಯಿ ಕಮ್ಮಾರನು ಕೊಟ್ಟ ಬಾಯಲ್ಲ, ಸಾಣೆಯವನು ಉಳಿಸಿದ ಬಾಯಿ. ಈ ಸಂಗತಿಯನ್ನು ಮರೆತುದರಿಂದ ನಮ್ಮ ಕಮ್ಮಾರರ ವಿಷಯದಲ್ಲಿ ಕೆಲವು ಅನ್ಯಾಯದ ತೀರ್ಪುಗಳು ಹುಟ್ಟಿಕೊಂಡಿವೆಯೆಂದು ನಮ್ಮ ಅಭಿಪ್ರಾಯ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಸೀಮೆಯನ್ನು ಮುಖ್ಯವಾಗಿ ದೃಷ್ಟಿಯಲ್ಲಿಟ್ಟುಕೊಂಡು ಈ ವಿಷಯವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲುದ್ದೇಶಿಸಿದ್ದೇವೆ. ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಸಾಣೆಗೆ ಬೇಕಾದ ಕುರುಂದದ ಕಲ್ಲು ಇಲ್ಲಿನ ನೆಲದಲ್ಲಿಯೇ ದೊರೆಯುತ್ತದೆ. ಉಕ್ಕಿನ ಅಲಗಿಗೆ ಅತ್ಯಂತ ಕಠಿನವಾದ ಪರೀಕ್ಷೆಯನ್ನೊಡ್ಡುವ ಕಲ್ಲುಕೆತ್ತನೆಯ ಕೆಲಸವೂ ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯೇ ನಡೆದಿದೆ.

ವಿಷಯವನ್ನು ಪ್ರವೇಶಿಸುವ ಮುನ್ನ ಒಂದು ಚಿಕ್ಕ ಪ್ರಸಂಗವನ್ನು ಹೇಳಬೇಕು. ಚನ್ನರಾಯಪಟ್ಟಣದ ಕಡೆ, ತೆಂಗಿನ ತೋಟವುಳ್ಳ ಮನೆಯೊಂದರಲ್ಲಿ ನಾವು ತಂಗಿದ್ದಾಗ, ಯಜಮಾನರು ಎರಡು ವರ್ಷ ಚೆನ್ನಾಗಿ ನಡೆದ ಮಚ್ಚೊಂದನ್ನು ಹಿಡಿದು ಊರಿನ ಕಮ್ಮಾರನೊಡನೆ ವಾದಿಸುತ್ತಿದ್ದರು. ಪಟ್ಟಣದ ವಿದ್ಯುತ್ ಸಾಣೆಯಲ್ಲಿ ಹಿಡಿಸಿಕೊಂಡು ಬಂದ ಮೇಲೆ ಆ ಮಚ್ಚಿನ ಬಾಯಿ ಎಳನೀರಿನ ಸಿಪ್ಪೆಗೇ ಮಡಿಸಿಕೊಳ್ಳುತ್ತಿತ್ತು. ಹದವನ್ನೇ ಸರಿಯಾಗಿ ಕೊಟ್ಟಿರಲಿಲ್ಲವೆಂದು ಅವರ ಆಕ್ಷೇಪಣೆ. ವಯಸ್ಸಾದ ಆ ಕಮ್ಮಾರನು ಮಾತಿಗೆ ಮಾತು ಬೆಳೆಸಲಿಲ್ಲ. ಅರವನ್ನು ತೆಗೆದುಕೊಂಡು ಮೊದಲು ಬಾಯಿಯ ಅಂಚಿನ ಮೇಲೆ ಎಳೆದನು. ಅರ ಕಚ್ಚಿತು, ಪುಡಿ ಉದುರಿತು. ಬಾಯಿಂದ ಒಂದು ಬೆರಳಿನಷ್ಟು ಒಳಗೆ ಎಳೆದನು. ಅರ ಗಾಜಿನ ಮೇಲೆ ಜಾರುವಂತೆ ಜಾರಿತು. “ಹದ ಹೋದದ್ದು ನನ್ನ ಕುಲುಮೇಲಲ್ಲ, ಗೌಡ್ರೇ” ಎಂದಷ್ಟೇ ಹೇಳಿ, ಅಂಚಿನುದ್ದಕ್ಕೂ ಹಬ್ಬಿದ್ದ ನೀಲಿಯ ಗೆರೆಯನ್ನು ತೋರಿಸಿದನು. ಆ ಗೆರೆಯನ್ನು ಎಲ್ಲರೂ ನೋಡಿದ್ದರು. ಅದು ಹೊಳಪಿನ ಗುರುತೆಂದು ತಿಳಿದಿದ್ದರು.

ಆ ನೀಲಿಯ ಅರ್ಥವೇನೆಂಬುದನ್ನು ತಿಳಿಯಲು ಹದವೆಂದರೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಉಕ್ಕೆಂದರೆ ಅಲ್ಪಪ್ರಮಾಣದ ಇಂಗಾಲವುಳ್ಳ ಕಬ್ಬಿಣ. ಅದನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ, ಅಂದರೆ ಕೆಂಡದ ಕೆಂಪಿಗೆ, ಕಾಯಿಸಿ ಥಟ್ಟನೆ ನೀರಿನಲ್ಲಿ ಅದ್ದಿದರೆ, ಇಂಗಾಲವು ತನ್ನ ಸಹಜಸ್ಥಾನಕ್ಕೆ ಸರಿಯಲು ಅವಕಾಶವಿಲ್ಲದೆ ಕಬ್ಬಿಣದ ಹರಳುಗಳೊಳಗೆ ಸೆರೆಯಾಗುತ್ತದೆ. ಉಕ್ಕು ಅತಿ ಗಡುಸಾಗುತ್ತದೆ, ಜತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಈ ಸ್ಥಿತಿಯಲ್ಲಿ ಮಚ್ಚನ್ನು ಬೀಸಿದರೆ ಬಾಯಿ ಚಕ್ಕೆಯೇಳುವುದು ಖಂಡಿತ. ಆದುದರಿಂದ ಅದನ್ನು ಮತ್ತೊಮ್ಮೆ, ಈ ಸಲ ಮೆಲ್ಲಗೆ, ಕಾಯಿಸಿ ಸ್ವಲ್ಪ ಗಡಸನ್ನು ಕಳೆದು ಸ್ವಲ್ಪ ತಾಳಿಕೆಯನ್ನು ಕೊಡಬೇಕು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೈಮೇಲೆ ಈ ಎರಡನೆಯ ಶಾಖವು ತಾನೇ ಬಣ್ಣಗಳನ್ನು ಬರೆಯುತ್ತ ಹೋಗುತ್ತದೆ. ಸುಮಾರು 225 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 275-280ರಲ್ಲಿ ನೇರಳೆ, 300ರ ಸುಮಾರಿಗೆ ನೀಲಿ. ಕ್ಷೌರದ ಕತ್ತಿಗೆ ಹಳದಿ ಸಾಕು. ಮರ ಕಡಿಯುವುದಕ್ಕೆ ಕಂದು, ನೇರಳೆಗಳ ಕಡೆಗೆ ಹೋಗಬೇಕು. ಬಾಗಿ ಹಿಂದಿರುಗಬೇಕಾದ ಕಮಾನಿಗೆ ನೀಲಿ. ಕುಲುಮೆಯಲ್ಲಿ ಕಮ್ಮಾರನು ನೆರಳಿನಲ್ಲಿ ನಿಂತು ಕಾಯುವುದು ಈ ಬಣ್ಣಗಳನ್ನೇ. ಅವನಿಗೆ ಉಷ್ಣಮಾಪಕ ಬೇಕಾಗಿಲ್ಲ, ಬಿಸಿಲು ಬೀಳದಿದ್ದರೆ ಸಾಕು.

ಹೀಗೆ ಹಳದಿಯಲ್ಲಿಯೋ ಕಂದಿನಲ್ಲಿಯೋ ನಿಲ್ಲಿಸಿದ ಅಲಗು, ಅನಂತರ ಯಾವ ಕಾರಣದಿಂದಲೇ ಆಗಲಿ ನೀಲಿಯ ಶಾಖಕ್ಕೆ ಏರಿದರೆ, ಕಮ್ಮಾರನು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ಹೋಯಿತೆಂದೇ ಅರ್ಥ. ಗಡಸು ಇಳಿಯಿತು. ತಕ್ಷಣ ನೀರಿನಲ್ಲಿ ಅದ್ದಿದರೂ ಅದು ಮರಳಿ ಬರುವುದಿಲ್ಲ; ನೀರು ಗಡಸನ್ನು ಕೊಡುವುದು ಕೆಂಪಗೆ ಕಾದ ಉಕ್ಕಿಗೆ ಮಾತ್ರ. ಬಣ್ಣ ಕಾಣಿಸಿಕೊಳ್ಳದಷ್ಟು ಕಡಿಮೆ ಶಾಖದಲ್ಲಿಯೂ, 200 ಡಿಗ್ರಿಯ ಆಸುಪಾಸಿನಲ್ಲಿ, ಅತಿ ಗಡುಸಾದ ಅಲಗು ಅಷ್ಟಿಷ್ಟು ಕಳೆದುಕೊಳ್ಳುವುದುಂಟು. ಅಲಗಿನ ಬೆನ್ನು ದಪ್ಪವಾಗಿರುವುದರಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಬಾಯಿ ಕಾಗದದಷ್ಟು ತೆಳುವಾದುದರಿಂದ ಅಲ್ಲಿ ಶಾಖಕ್ಕೆ ಹೋಗಲು ಎಡೆಯಿಲ್ಲ. ಯಾವ ಭಾಗಕ್ಕೆ ಹದವು ಅತ್ಯಗತ್ಯವೋ ಆ ಭಾಗವೇ ಹದವನ್ನು ಮೊದಲು ಕಳೆದುಕೊಳ್ಳುತ್ತದೆ.

ನಮ್ಮ ಭಾಷೆಯು ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆಯೆಂಬುದು ಗಮನಾರ್ಹ. ಹದ ಕೊಡುವುದು, ತಟ್ಟಿಸುವುದು, ಹಣಿಸುವುದು ಕುಲುಮೆಯ ಮಾತುಗಳು. ಮಸೆಯುವುದು, ಸಾಣೆ ಹಿಡಿಯುವುದು ಕಲ್ಲಿನ ಮಾತುಗಳು. ಇವುಗಳಲ್ಲಿ ಮಸೆ ಎಂಬುದು ಅಚ್ಚಗನ್ನಡದ ಧಾತು. ಸಾಣೆಯು ಸಂಸ್ಕೃತದ ಶಾಣ ಶಬ್ದದಿಂದ ಬಂದುದು. ಮನೆಯ ಹಿತ್ತಿಲಿನ ಮಸೆಗಲ್ಲಿನ ಮೇಲೆ ನೀರು ಚಿಮುಕಿಸಿ ಕೈಯಿಂದ ಉಜ್ಜುವುದಕ್ಕೂ, ತಿರುಗುವ ಚಕ್ರಕ್ಕೆ ಅಲಗನ್ನು ಒಡ್ಡುವುದಕ್ಕೂ ಇರುವ ಭೇದವು ಈ ಎರಡು ಮಾತುಗಳಲ್ಲಿ ಸ್ಥೂಲವಾಗಿ ಉಳಿದುಬಂದಿದೆ. ಸಂಸ್ಕೃತದಲ್ಲಿ ಹದ ಕೊಡುವುದಕ್ಕೆ ಪಾಯನ ಅಥವಾ ಪಾನ ಎಂದು ಹೆಸರು. ಕುಡಿಸುವುದು ಎಂದು ಅದರ ಅರ್ಥ. ಕಾದ ಕಬ್ಬಿಣವು ದ್ರವವನ್ನು ಕುಡಿದು ಗಡುಸಾಗುತ್ತದೆಂಬ ಭಾವನೆ ಅಲ್ಲಿದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 8ನೆಯ ಅಧ್ಯಾಯವು ಈ ವಿಷಯದಲ್ಲಿ ಅಮೂಲ್ಯವಾದುದು. ವೈದ್ಯನ ಶಸ್ತ್ರಗಳಿಗೆ ಮೂರು ಬಗೆಯ ಪಾಯನವನ್ನು ಅಲ್ಲಿ ವಿಧಿಸಲಾಗಿದೆ: ಕ್ಷಾರದಲ್ಲಿ, ನೀರಿನಲ್ಲಿ, ಎಣ್ಣೆಯಲ್ಲಿ. ಬಾಣವನ್ನೂ ಮೂಳೆಯನ್ನೂ ಕತ್ತರಿಸುವ ಶಸ್ತ್ರಕ್ಕೆ ಕ್ಷಾರಪಾಯನ. ಮಾಂಸವನ್ನು ಛೇದಿಸುವುದಕ್ಕೆ ಉದಕಪಾಯನ. ಸಿರೆಯನ್ನು ಚುಚ್ಚುವುದಕ್ಕೂ ಸ್ನಾಯುವನ್ನು ಕತ್ತರಿಸುವುದಕ್ಕೂ ತೈಲಪಾಯನ. ಆಧುನಿಕ ಲೋಹಶಾಸ್ತ್ರದ ಪ್ರಕಾರ ಕ್ಷಾರದ್ರಾವಣವು ಬರಿಯ ನೀರಿಗಿಂತ ಬೇಗ ಶಾಖವನ್ನು ಸೆಳೆಯುತ್ತದೆ, ಎಣ್ಣೆಯು ನೀರಿಗಿಂತ ನಿಧಾನವಾಗಿ. ಅಂದರೆ ಸುಶ್ರುತನ ಮೂರು ಪಾಯನಗಳು ಇಂದಿನ ಅಳತೆಯಲ್ಲಿಯೂ ಇಳಿಮುಖವಾದ ಕ್ರಮದಲ್ಲಿಯೇ ಇವೆ. ಪ್ರಾಚೀನ ಗ್ರಂಥಗಳಲ್ಲಿ ಆಧುನಿಕ ವಿಜ್ಞಾನವನ್ನೆಲ್ಲ ಕಾಣುವ ಚಪಲಕ್ಕೆ ನಾವು ಒಳಗಾದವರಲ್ಲ. ಆದರೆ ಇಲ್ಲಿ ಅನುಭವದಿಂದ ಬಂದ ಒಂದು ವಿವೇಕವಿದೆಯೆಂದು ಒಪ್ಪದಿರುವುದು ಕಷ್ಟ. ನಮ್ಮ ಪ್ರಸ್ತುತ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಅದೇ ಅಧ್ಯಾಯದ ಮುಂದಿನ ಮಾತು. ಶಸ್ತ್ರವನ್ನು ಹರಿತಮಾಡಲು ಉದ್ದಿನಕಾಳಿನ ಬಣ್ಣದ ನುಣುಪಾದ ಕಲ್ಲನ್ನೂ, ಆ ಧಾರೆಯನ್ನು ನೆಲೆಗೊಳಿಸಲು ಬೂರುಗದ ಮರದ ಹಲಗೆಯನ್ನೂ ಹೇಳಿದೆ. ಧಾರೆಯ ತೆಳುವಿಗೂ ಅಳತೆಯುಂಟು: ಕೆಲವು ಶಸ್ತ್ರಗಳಿಗೆ ಮಸೂರದಷ್ಟು, ಕೆಲವಕ್ಕೆ ಅದರರ್ಧ, ಕೆಲವಕ್ಕೆ ಕೂದಲಿನಷ್ಟು, ಛೇದನಕ್ಕೆ ಅರ್ಧ ಕೂದಲಿನಷ್ಟು. ರೋಮವನ್ನು ಕತ್ತರಿಸಿದರೆ ಮಾತ್ರ ಶಸ್ತ್ರವು ಸಿದ್ಧವಾಯಿತೆಂದು ಎಣಿಕೆ. ನುಣುಪಾದ ಕಲ್ಲು, ಮೆತ್ತನೆಯ ಹಲಗೆ ಎರಡರಲ್ಲಿಯೂ ಶಾಖ ಹುಟ್ಟುವ ಸಂಭವವೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣದ ಅಧ್ಯಾಯದಲ್ಲಿಯೂ ಶಸ್ತ್ರಪಾನದ ವಿಧಿಗಳಿವೆ. ಅವುಗಳಲ್ಲಿ ಹಲವು ರಕ್ತ, ತುಪ್ಪ, ನಾನಾ ಪ್ರಾಣಿಗಳ ಹಾಲು ಮುಂತಾದವುಗಳನ್ನು ಬಯಸಿದ ಫಲಕ್ಕೆ ತಕ್ಕಂತೆ ಹೇಳುವಂಥವು, ಅವನ್ನು ಬಿಟ್ಟುಬಿಡಬಹುದು. ಒಂದು ವಿಧಿ ಮಾತ್ರ ಬೇರೆ ಜಾತಿಯದು. ಬಾಳೆಯ ಬೂದಿಯನ್ನು ಮಜ್ಜಿಗೆಯಲ್ಲಿ ಕಲಸಿ ಒಂದು ದಿನ ಇಟ್ಟು, ಅದರಲ್ಲಿ ಪಾನಮಾಡಿಸಿದ ಕಬ್ಬಿಣವನ್ನು ಚೆನ್ನಾಗಿ ಮಸೆದರೆ ಅದು ಕಲ್ಲಿನ ಮೇಲೆ ಮುರಿಯದು, ಬೇರೆ ಲೋಹಗಳ ಮೇಲೆ ಮೊಂಡಾಗದು ಎಂದು ಅದರ ತಾತ್ಪರ್ಯ. ಪಾನಮಾಡಿಸುವುದು ಮತ್ತು ಮಸೆಯುವುದು ಎಂಬ ಎರಡು ಕ್ರಿಯೆಗಳನ್ನೂ ಒಂದೇ ಪದ್ಯದಲ್ಲಿ ಹೆಸರಿಸಿ, ಫಲಕ್ಕೆ ಎರಡೂ ಬೇಕೆಂದಿರುವುದು ನಮ್ಮ ವಾದಕ್ಕೆ ಪೋಷಕವಾಗಿದೆ.

ಇನ್ನು ಉಕ್ಕಿನ ವಿಷಯ. ಇದು ಬಹುಚರ್ಚಿತವಾದುದರಿಂದ ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೂಸೆಯ ಉಕ್ಕಿನ ತಯಾರಿಕೆಯನ್ನು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕರಗಿಸುವ ವಿಧಾನವದು. ಅವನು ಕಂಡ ಸ್ಥಳಗಳು ಮಾಗಡಿಯ ಕಡೆ ಮತ್ತು ಮಧುಗಿರಿಯ ಬಳಿಯ ಚನ್ನರಾಯನದುರ್ಗದ ಕಡೆ. ಈ ಚನ್ನರಾಯನದುರ್ಗವನ್ನು ಹೆಸರಿನ ಸಾಮ್ಯದಿಂದ ನಮ್ಮ ಚನ್ನರಾಯಪಟ್ಟಣವೆಂದು ಭ್ರಮಿಸಬಾರದು. ಇದಕ್ಕೂ ಮೊದಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬಾತನು ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಕಳುಹಿಸಿದ್ದ ವೂಟ್ಸ್ ಉಕ್ಕಿನ ಪರೀಕ್ಷೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದನು. ವೂಟ್ಸ್ ಎಂಬುದು ಕನ್ನಡದ ಉಕ್ಕು ಶಬ್ದದ ವಿಕಾರವೆಂಬುದು ಸಾಮಾನ್ಯವಾಗಿ ವಿದ್ವಾಂಸರು ಒಪ್ಪಿರುವ ಮತ. ಪಿಯರ್ಸನ್ನನ ವರದಿಯಲ್ಲಿ ನಮಗೆ ಬೇಕಾದ ಒಂದು ವಿವರವಿದೆ. ಜೇಮ್ಸ್ ಸ್ಟೊಡಾರ್ಟ್ ಎಂಬ ಶಸ್ತ್ರಕಾರನು ಆ ಉಕ್ಕಿನಿಂದ ಲೇಖನಿಚಾಕುವೊಂದನ್ನು ಮಾಡಿದನು. ಕತ್ತಲೆಯಲ್ಲಿ ಮಾತ್ರ ಕೆಂಪಾಗಿ ಕಾಣುವಷ್ಟು ಕಡಿಮೆ ಶಾಖದಲ್ಲಿ ಅದನ್ನು ಬಡಿಯಬೇಕಾಯಿತು. ಕೆಲಸ ಬಹು ಪ್ರಯಾಸಕರವಾಗಿದ್ದರೂ ಅದರ ಧಾರೆಯು ಅತ್ಯುತ್ತಮವಾದ ಉಕ್ಕಿನ ಚಾಕುವಿಗೆ ಸಮನಾಗಿತ್ತೆಂದೂ, ವೈದ್ಯರ ಶಸ್ತ್ರಗಳಿಗೆ ಅದು ವಿಶೇಷವಾಗಿ ಉಪಯುಕ್ತವಾಗಬಹುದೆಂದೂ ಅವನು ಅಭಿಪ್ರಾಯಪಟ್ಟನು. ಇಂಗಾಲವು ಶೇಕಡ ಒಂದೂವರೆಯ ಸುಮಾರಿನಲ್ಲಿರುವ ಈ ಉಕ್ಕು ಬಿಳಿಗಾವಿನಲ್ಲಿ ಬಡಿದರೆ ಪುಡಿಯಾಗುತ್ತದೆ. ಇಂತಹ ಉಕ್ಕಿನೊಡನೆ ತಲೆಮಾರುಗಳ ಕಾಲ ಬಾಳಿದವರಿಗೆ ಶಾಖದ ವಿಷಯದಲ್ಲಿ ಜಾಗರೂಕತೆ ರಕ್ತಗತವಾಗಿದ್ದರೆ ಆಶ್ಚರ್ಯವಿಲ್ಲ. ಉಕ್ಕು ದುಬಾರಿಯಾದುದರಿಂದ ಇಡೀ ಅಲಗನ್ನು ಅದರಿಂದ ಮಾಡದೆ, ಮೆತುಕಬ್ಬಿಣದ ಅಲಗಿನ ಬಾಯಿಗೆ ಮಾತ್ರ ಉಕ್ಕಿನ ಪಟ್ಟಿಯನ್ನು ಬೆಸೆಯುವ ಪದ್ಧತಿಯೂ ಇತ್ತು. ಅಂತಹ ಅಲಗನ್ನು ಮನಬಂದಂತೆ ಸಾಣೆ ಹಿಡಿದರೆ ಹದ ಮಾತ್ರವಲ್ಲ, ಉಕ್ಕೇ ಸವೆದುಹೋಗುತ್ತದೆ.

ಶ್ರವಣಬೆಳಗೊಳವು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಅಲ್ಲಿಯ ಬೆಟ್ಟದ ಮೇಲೆ ಚಾವುಂಡರಾಯನು 981ರ ಸುಮಾರಿನಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಕಲೆಯ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ವರ್ಣಿಸಿದವರು ಅಸಂಖ್ಯ. ಅದನ್ನು ಉಳಿಯ ದೃಷ್ಟಿಯಿಂದಲೂ ನೋಡಬಹುದು. ಕಗ್ಗಲ್ಲಿನಲ್ಲಿರುವ ಬೆಣಚಿನ ಹರಳುಗಳು ಹದವಾದ ಉಕ್ಕಿನಷ್ಟೇ ಗಡುಸು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಇಂತಹ ಕಲ್ಲಿನ ಮೇಲೆ ಉಳಿಯ ಮೊನೆ ಬಹಳ ಹೊತ್ತು ನಿಲ್ಲದು. ಇಂದಿಗೂ ಕಲ್ಲುಕುಟಿಗರು ಕೆಲಸದ ಸ್ಥಳದಲ್ಲಿಯೇ ಚಿಕ್ಕ ಕುಲುಮೆಯೊಂದನ್ನು ಹೂಡಿಕೊಂಡು, ಮೊಂಡಾದ ಉಳಿಗಳ ಕಟ್ಟನ್ನೇ ಅಲ್ಲಿಗೆ ಒಯ್ಯುವುದನ್ನು ಕಾಣಬಹುದು. ಉಳಿಯನ್ನು ಕಾಯಿಸಿ, ಬಡಿದು ಮೊನೆಯೆಬ್ಬಿಸಿ, ಮತ್ತೆ ಕೆಂಪಗೆ ಕಾಯಿಸಿ, ತುದಿಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಬಳಿಕ ಹೊರತೆಗೆದು ತುದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಕಾಯುತ್ತಾರೆ. ಉಳಿಯ ಒಡಲಿನಲ್ಲಿ ಉಳಿದಿರುವ ಶಾಖವು ತುದಿಯ ಕಡೆಗೆ ಹರಿದುಬರುವಾಗ ಬಣ್ಣಗಳೂ ಒಂದರ ಹಿಂದೊಂದು ನಡೆದುಬರುತ್ತವೆ. ಬೇಕಾದ ಬಣ್ಣ ಮೊನೆಯನ್ನು ಮುಟ್ಟಿದ ಕ್ಷಣದಲ್ಲಿ ಉಳಿಯನ್ನೆಲ್ಲ ನೀರಿಗೆ ಬಿಡುತ್ತಾರೆ. ಅಲ್ಲಿ ಹರಿತಮಾಡುವುದೂ ಹದಮಾಡುವುದೂ ಒಂದೇ ಕ್ರಿಯೆ, ಸಾಣೆಯ ಪಾತ್ರವಿಲ್ಲ. ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ಕೆಲಸ ಬೇರೆ ಬಗೆಯದು. ಆ ಮೆತ್ತನೆಯ ಕಲ್ಲಿನಲ್ಲಿ ಕೂದಲೆಳೆಯಷ್ಟು ನಯವಾದ ಕೆತ್ತನೆಗೆ ತೆಳುವಾದ ಬಾಯಿ ಬೇಕು. ತೆಳುವಾದ ಬಾಯಿಗೆ ಮಸೆಗಲ್ಲು ಬೇಕು. ಬೇಲೂರಿನ ವಿಗ್ರಹಗಳ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಚಾವಣರಂತಹ ರೂವಾರಿಗಳು ತಮ್ಮ ಹೆಸರುಗಳನ್ನು ಬಿರುದುಗಳೊಡನೆ ಕೆತ್ತಿದ್ದಾರೆ. ಅವರ ಉಳಿಗೆ ಹದ ಕೊಟ್ಟವರಿಗೂ ಬಾಯಿ ಮಸೆದವರಿಗೂ ಆ ಪೀಠಗಳ ಮೇಲೆ ಎಡೆ ದೊರೆಯಲಿಲ್ಲ.

ಈಗ ಕುರುಂದದ ವಿಷಯಕ್ಕೆ ಬರೋಣ. ಸಂಸ್ಕೃತದಲ್ಲಿ ಕುರುವಿಂದವೆಂದು ಕರೆಯಲ್ಪಡುವ ಈ ಖನಿಜವು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯುಕ್ತ. ಗಡಸಿನಲ್ಲಿ ವಜ್ರಕ್ಕೆ ಮಾತ್ರ ಎರಡನೆಯದು. ಶುದ್ಧವಾಗಿ, ಕೆಂಪಾಗಿ ದೊರೆತರೆ ಅದೇ ಮಾಣಿಕ್ಯ, ನೀಲಿಯಾಗಿದ್ದರೆ ಇಂದ್ರನೀಲ. ಹಾಸನ ಸೀಮೆಯಲ್ಲಿ ದೊರೆಯುವುದು ಬಹುಮಟ್ಟಿಗೆ ಮಬ್ಬಾದ, ಬೂದು ಅಥವಾ ಕಂದುಗೆಂಪಿನ ಹರಳು; ಆಭರಣಕ್ಕೆ ಬಾರದು, ಸಾಣೆಗೆ ಸಲ್ಲುತ್ತದೆ. ಹೊಳೆನರಸೀಪುರದ ಸುತ್ತಲಿನ ಶಿಲಾಪಟ್ಟಿಯೂ ಗೊರೂರಿನ ಕಡೆಯ ಕಲ್ಲುಗಳೂ 300 ಕೋಟಿ ವರ್ಷಗಳಿಗಿಂತ ಹಳೆಯವು, ನಮ್ಮ ದೇಶದ ಅತಿ ಪ್ರಾಚೀನ ಶಿಲೆಗಳಲ್ಲಿ ಸೇರಿದವು. ಇಂತಹ ಶಿಲೆಗಳು ಶಿಥಿಲವಾಗಿ ಮಣ್ಣಾದರೂ ಕುರುಂದದ ಹರಳು ಕರಗದೆ ಉಳಿಯುತ್ತದೆ. ಆದುದರಿಂದ ಗಣಿ ತೋಡದೆಯೇ ಹೊಲಗಳ ಮೇಲ್ಮಣ್ಣಿನಲ್ಲಿ ಅದನ್ನು ಆಯಬಹುದು. ಯುರೋಪಿನವರ ಗಮನ ಇದರ ಕಡೆಗೆ ಹರಿದುದು 18ನೆಯ ಶತಮಾನದ ಕೊನೆಯಲ್ಲಿ. ಚಾರ್ಲ್ಸ್ ಗ್ರೆವಿಲ್ ಎಂಬಾತನು 1798ರಲ್ಲಿ ಏಷ್ಯದ ಕುರುಂದವನ್ನು ಕುರಿತು ರಾಯಲ್ ಸೊಸೈಟಿಗೆ ಪ್ರಬಂಧವನ್ನರ್ಪಿಸಿದನು. ಮೈಸೂರಿನ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪಿತವಾಯಿತು. ಟಿ. ಎಚ್. ಹಾಲೆಂಡನು ಭಾರತದ ಕುರುಂದವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದುದು 1898ರಲ್ಲಿ.

ಕುರುಂದದ ಪುಡಿಯಿಂದ ಚಕ್ರವನ್ನು ಕಟ್ಟುತ್ತಿದ್ದುದು ಅರಗಿನಿಂದ. ನಮ್ಮ ಇಡೀ ವಾದವು ಈ ಅರಗಿನ ಮೇಲೆ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಂಗಾಳದ ಅರಗನ್ನು ಕುರಿತ 18ನೆಯ ಶತಮಾನದ ಕೊನೆಯ ಇಂಗ್ಲಿಷ್ ಬರಹಗಳಲ್ಲಿ ಸಾಣೆಚಕ್ರದ ಕ್ರಮವು ಅಳತೆಯೊಡನೆ ದೊರೆಯುತ್ತದೆ. ಮೂರು ಪಾಲು ಮರಳಿಗೆ ಒಂದು ಪಾಲು ಅರಗನ್ನು ಮಡಕೆಯಲ್ಲಿಟ್ಟು ಕಾಯಿಸಿ ಕಲಸಬೇಕು. ನಡುವೆ ಚೌಕದ ರಂಧ್ರವಿರುವಂತೆ ಬಿಲ್ಲೆಮಾಡಿ, ಕರಗಿದ ಅರಗಿನಿಂದಲೇ ಅದನ್ನು ಅಚ್ಚಿಗೆ ಅಂಟಿಸಬೇಕು. ಆಮೇಲೆ ಮಿತವಾಗಿ ಬಿಸಿಮಾಡಿ ಅಚ್ಚನ್ನು ತಿರುಗಿಸಿದರೆ ಬಿಲ್ಲೆಯು ಸರಿಯಾದ ದುಂಡಿಗೆ ಬರುತ್ತದೆ. ನಯಗೊಳಿಸುವ ಚಕ್ರಕ್ಕೆ ಬಟ್ಟೆಯಲ್ಲಿ ಸೋಸಿದ ಸಣ್ಣ ಮರಳು ಎರಡು ಪಾಲು, ಅರಗು ಒಂದು ಪಾಲು. ಕಲ್ಲು ಕೊರೆಯುವವರು ಮರಳಿಗೆ ಬದಲಾಗಿ ಕುರುಂದದ ಪುಡಿಯನ್ನು ಹಾಕುತ್ತಾರೆಂದೂ ಅಲ್ಲಿ ಹೇಳಿದೆ. ದಕ್ಷಿಣದ ಸಾಣೆಯೂ ಕುರುಂದ ಅರಗುಗಳ ಇದೇ ಜಾತಿಯದು. ಅಚ್ಚಿಗೆ ತೊಗಲಿನ ಪಟ್ಟಿಯನ್ನು ಸುತ್ತಿ ಒಬ್ಬನು ಎರಡು ತುದಿಗಳನ್ನೂ ಸರದಿಯ ಮೇಲೆ ಎಳೆಯುತ್ತಾನೆ. ಚಕ್ರವು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಎದುರಿಗೆ ಕುಳಿತವನು ಅಲಗನ್ನು ಒಡ್ಡುತ್ತಾನೆ.

ಮಿತವಾಗಿ ಬಿಸಿಮಾಡಿದರೆ ದುಂಡಿಗೆ ಬರುತ್ತದೆ ಎಂಬ ಮಾತನ್ನು ಮತ್ತೊಮ್ಮೆ ಓದಬೇಕು. ಅರಗು ಸುಮಾರು 75-80 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ಉಕ್ಕಿನ ಹದಕ್ಕೆ ಅಪಾಯ ಆರಂಭವಾಗುವುದು ಅದರ ಎರಡೂವರೆಯಷ್ಟು ಶಾಖದಲ್ಲಿ. ಅಂದರೆ ಅಲಗನ್ನು ಒತ್ತಿಹಿಡಿದು ಬಿಸಿ ಹುಟ್ಟಿಸಿದರೆ ಅಲಗಿಗಿಂತ ಮೊದಲು ಚಕ್ರವೇ ಸೋಲುತ್ತದೆ: ಅರಗು ಮೆತ್ತಗಾಗಿ ಹರಳುಗಳು ಕಳಚುತ್ತವೆ, ಅಲಗಿನ ಮೈಗೆ ಅಂಟು ಹತ್ತುತ್ತದೆ, ಕೆಲಸ ನಿಲ್ಲುತ್ತದೆ. ಸಾಣೆಯವನು ತನ್ನ ಚಕ್ರವನ್ನು ಕಾಪಾಡಿಕೊಳ್ಳುವ ಸಲುವಾಗಿಯೇ ಹಗುರವಾಗಿ ಹಿಡಿಯಬೇಕಾಗಿತ್ತು, ಹಾಗೆ ಹಿಡಿದಾಗ ಅಲಗಿನ ಹದವೂ ಉಳಿಯುತ್ತಿತ್ತು. ಇದಕ್ಕೆ ಒಂದು ಆಕ್ಷೇಪಣೆಯನ್ನು ಹೇಳಬಹುದು. ಹರಳಿನ ಮೊನೆಯು ಉಕ್ಕಿಗೆ ತಾಗುವ ಬಿಂದುವಿನಲ್ಲಿ ಕ್ಷಣಮಾತ್ರ ಹುಟ್ಟುವ ಶಾಖವು ಇದಕ್ಕಿಂತ ಬಹು ಹೆಚ್ಚಿನದಾಗಿರಬಹುದು, ಕಿಡಿ ಹಾರುವುದೇ ಅದಕ್ಕೆ ಸಾಕ್ಷಿಯೆಂದು. ಅದು ನಿಜ. ಆದರೆ ಹದವನ್ನು ಕೆಡಿಸುವುದು ಒಂದು ಕಿಡಿಯ ಶಾಖವಲ್ಲ. ಹೋಗಲು ಎಡೆಯಿಲ್ಲದೆ ಬಾಯಿಯಲ್ಲಿ ಸಂಚಯವಾಗುವ ಶಾಖ. ನಿಧಾನವಾಗಿ, ಹಿಂದು ಮುಂದಾಗಿ ತಿರುಗುವ ಚಕ್ರದಲ್ಲಿ ಪ್ರತಿ ಎಳೆತದ ಕೊನೆಗೂ ಒಂದು ಕ್ಷಣದ ಬಿಡುವುಂಟು. ಹಳಬರು ಇದನ್ನೆಲ್ಲ ಯೋಚಿಸಿಯೇ ಅರಗನ್ನು ಆರಿಸಿದರೆಂದು ನಾವು ಹೇಳುವುದಿಲ್ಲ. ಅವರಿಗೆ ದೊರೆಯುತ್ತಿದ್ದ ಒಳ್ಳೆಯ ಅಂಟು ಅದು. ಅವರಿಗಿದ್ದ ಶಕ್ತಿ ತೋಳಿನದು. ಪರಿಣಾಮ ಮಾತ್ರ ಒಳ್ಳೆಯದಾಗಿತ್ತು.

ಈ ಏರ್ಪಾಡು ತಪ್ಪಿದುದು ಹೊರಗಿನಿಂದ. 1891ರಲ್ಲಿ ಅಮೆರಿಕದ ಅಚೆಸನ್ ಎಂಬಾತನು ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಂ ಎಂಬ ಕೃತಕ ಘರ್ಷಕವನ್ನು ತಯಾರಿಸಿದನು. 1897ರಲ್ಲಿ ಜೇಕಬ್ಸ್ ಎಂಬಾತನು ಬಾಕ್ಸೈಟನ್ನು ಕರಗಿಸಿ ಕೃತಕ ಕುರುಂದವನ್ನೇ ಮಾಡಿದನು. ನಮ್ಮಲ್ಲಿ 1954ರಲ್ಲಿ ಮದರಾಸಿನ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿ ಸ್ಥಾಪಿತವಾಯಿತು. ಕಾರ್ಖಾನೆಯ ಚಕ್ರವು ಅಗ್ಗ, ಒಂದೇ ಸಮನಾದುದು, ಬೇಗ ಸವೆಯದಂಥದು. ಹೊಲದಿಂದ ಆಯ್ದ ಕುರುಂದಕ್ಕೆ ಅದರೆದುರು ಬೆಲೆಯುಳಿಯಲಿಲ್ಲ. ಉಕ್ಕಿನ ಕಡೆಯೂ ಇಂಥದೇ ಬದಲಾವಣೆ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಬೀಡುಕಬ್ಬಿಣವೂ 1936ರಲ್ಲಿ ಉಕ್ಕೂ ಹೊರಬರುವ ಮೊದಲೇ ಮೂಸೆಯ ಉಕ್ಕು ಅಳಿದುಹೋಗಿತ್ತು. ಹಳ್ಳಿಯ ಕಮ್ಮಾರರು ಈಗ ಲಾರಿಯ ಕಮಾನುಪಟ್ಟಿಯನ್ನು ಕತ್ತರಿಸಿ ಮಚ್ಚು ಮಾಡುತ್ತಾರೆ. ಅದು ಒಳ್ಳೆಯ ಉಕ್ಕೇ, ಹದವನ್ನೂ ಚೆನ್ನಾಗಿ ಹಿಡಿಯುತ್ತದೆ. ತೊಂದರೆಯಿರುವುದು ಚಕ್ರದಲ್ಲಿ. ಹೊಸ ಚಕ್ರದ ಹರಳುಗಳನ್ನು ಹಿಡಿದಿರುವುದು ಆವಿಗೆಯಲ್ಲಿ ಸುಟ್ಟು ಗಾಜಾದ ಮಣ್ಣು. ಅದಕ್ಕೆ ಸಾವಿರ ಡಿಗ್ರಿಯ ಭಯವಿಲ್ಲ. ಆರು ಅಂಗುಲದ ಚಕ್ರವನ್ನು ವಿದ್ಯುತ್ ಮೋಟಾರು ನಿಮಿಷಕ್ಕೆ 2800ಕ್ಕೂ ಹೆಚ್ಚು ಸುತ್ತು ತಿರುಗಿಸಿದರೆ, ಅದರ ಅಂಚು ಸೆಕೆಂಡಿಗೆ ಸುಮಾರು 22 ಮೀಟರಿನಂತೆ ಅಲಗಿನ ಮೇಲೆ ಹರಿಯುತ್ತದೆ. ಅರಗಿನ ಚಕ್ರದಲ್ಲಿ ಮೊದಲು ಸೋಲುತ್ತಿದ್ದುದು ಸಾಣೆ. ಇದರಲ್ಲಿ ಮೊದಲು ಸೋಲುವುದು ಅಲಗು. ಅದು ಸೋತುದನ್ನು ಹೇಳಲು ಒಂದು ನೀಲಿಯ ಗೆರೆಯಲ್ಲದೆ ಬೇರೆ ಗುರುತಿಲ್ಲ. ಅದನ್ನೂ ಕೊನೆಯಲ್ಲಿ ಒಂದೆರಡು ಬಾರಿ ನಯವಾದ ಚಕ್ರಕ್ಕೆ ಹಿಡಿದರೆ ಅಳಿಸಿಬಿಡಬಹುದು. ಬಣ್ಣ ಹೋಗುತ್ತದೆ, ಮೆತುವು ಉಳಿಯುತ್ತದೆ.

ಹೊಸ ಚಕ್ರವನ್ನು ನಾವು ನಿಂದಿಸುವುದಿಲ್ಲ. ಹಾಸನದ ಬೀದಿಗಳಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿ, ಪೆಡಲು ತುಳಿದು ಸಾಣೆ ಹಿಡಿಯುವವರ ಬಳಿ ಇರುವುದೂ ಕಾರ್ಖಾನೆಯ ಚಕ್ರವೇ. ಆದರೆ ಅವರಲ್ಲಿ ಅನುಭವಸ್ಥರಾದವರು ಅಲಗಿನ ಬಾಯಿಯ ಹಿಂದೆ ತಮ್ಮ ಬೆರಳನ್ನಿಟ್ಟುಕೊಂಡೇ ಹಿಡಿಯುತ್ತಾರೆ, ಬಿಸಿ ತಾಕಿದೊಡನೆ ತೆಗೆದು ನೀರಿಗೆ ಅದ್ದುತ್ತಾರೆ. ಮನುಷ್ಯನ ಬೆರಳು 60 ಡಿಗ್ರಿಯ ಶಾಖವನ್ನು ತಾಳಲಾರದು. ಅರಗು ಮಾಡುತ್ತಿದ್ದ ಕಾವಲನ್ನು ಈಗ ಬೆರಳು ಮಾಡುತ್ತಿದೆ. ಬೆರಳಿಲ್ಲದ ಕಡೆ, ಇಕ್ಕುಳದಲ್ಲಿಯೋ ಕೈಗವಸಿನಲ್ಲಿಯೋ ಅಲಗನ್ನು ಹಿಡಿದು ದೊಡ್ಡ ಚಕ್ರಕ್ಕೆ ಒತ್ತುವ ಕಡೆ, ಕಾವಲಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಹಳೆಯ ಖಡ್ಗವನ್ನೋ ಕೊಡಲಿಯನ್ನೋ ಪರೀಕ್ಷಿಸಿ, ಬಾಯಿಯಲ್ಲಿ ಗಡಸು ಕಡಿಮೆಯೆಂದು ಕಂಡು, ಅದನ್ನು ಮಾಡಿದವರಿಗೆ ಹದಮಾಡುವ ವಿದ್ಯೆ ತಿಳಿದಿರಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಆದರೆ ಆ ಆಯುಧವು ಮನೆತನದ ಆಯುಧಪೂಜೆಯ ಸಲುವಾಗಿಯೋ, ಮಾರಾಟದ ಸಲುವಾಗಿಯೋ, ಪ್ರದರ್ಶನಕ್ಕಿಡುವ ಸಲುವಾಗಿಯೋ ಇತ್ತೀಚಿನ ಚಕ್ರವೊಂದರ ಮೇಲೆ ಹೊಳಪೇರಿಸಿಕೊಂಡಿರಬಹುದು. ತುಕ್ಕು ಬಿಡಿಸಲು ಬೆಂಕಿಗೆ ಹಿಡಿದಿದ್ದರಂತೂ ಹದದ ಮಾತೇ ಇಲ್ಲ. ಆದುದರಿಂದ ಅಂಚಿನ ಗಡಸನ್ನು ಮಾತ್ರ ಅಳೆಯದೆ, ಅಂಚಿನಿಂದ ಬೆನ್ನಿನವರೆಗೆ ಸಾಲಾಗಿ ಅಳೆದು ನೋಡಬೇಕು. ಅಂಚಿನಲ್ಲಿ ಮೆತು, ಸ್ವಲ್ಪ ಒಳಗೆ ಗಡಸು, ಬೆನ್ನಿನಲ್ಲಿ ಮತ್ತೆ ಮೆತು ಎಂದು ಕಂಡುಬಂದರೆ, ಕಮ್ಮಾರನು ತನ್ನ ಕೆಲಸವನ್ನು ಮಾಡಿದ್ದನು, ಕೆಡಿಸಿದವರು ಬೇರೆಯವರು. ಎಲ್ಲೆಡೆಯೂ ಮೆತುವಾಗಿದ್ದರೆ ಮಾತ್ರ ಕುಲುಮೆಯ ಕಡೆಗೆ ಅಥವಾ ಬೆಂಕಿಯ ಕಡೆಗೆ ಬೆರಳು ತೋರಿಸಬಹುದು. ಅರಗಿನ ಸಾಣೆಬಿಲ್ಲೆಯ ತುಂಡುಗಳೂ ಸಂಗ್ರಹಯೋಗ್ಯ. ಅಟ್ಟದ ಮೇಲೆ ಕರಿಯ ಕಲ್ಲಿನಂತೆ ಬಿದ್ದಿರುವ ಇವನ್ನು ಮಸೆಗಲ್ಲೆಂದು ತಿಳಿದು ಎಸೆಯುತ್ತಾರೆ. ಬಿಸಿ ಮಾಡಿದ ಸೂಜಿಯನ್ನು ತಾಗಿಸಿದರೆ ಅರಗಿನ ವಾಸನೆಯು ಗುಟ್ಟನ್ನು ಹೇಳಿಬಿಡುತ್ತದೆ.

ಚನ್ನರಾಯಪಟ್ಟಣದ ಕಡೆಯ ಆ ಮಚ್ಚನ್ನು ಕಮ್ಮಾರನು ಮತ್ತೆ ಕುಲುಮೆಗೆ ಹಾಕಲಿಲ್ಲ. ಒಳಗಿನ ಹದ ಸರಿಯಾಗಿಯೇ ಇರುವಾಗ ಅದನ್ನು ಕೆಡಿಸುವುದೇಕೆಂದು ಅವನ ಅಭಿಪ್ರಾಯ. ಒದ್ದೆಯಾದ ಮಸೆಗಲ್ಲಿನ ಮೇಲೆ, ಆಗಾಗ ಅರವನ್ನೆಳೆದು ನೋಡುತ್ತ, ಅರ ಜಾರುವವರೆಗೆ ಅಂಚನ್ನು ಸವೆಸಿದನು. ಅದಕ್ಕೆ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಮಚ್ಚು ಅಗಲದಲ್ಲಿ ಒಂದು ನೂಲಿನಷ್ಟು ಕಡಿಮೆಯಾಯಿತು. ಯಜಮಾನರು ಸಂಜೆ ಅದರಿಂದ ಎಳನೀರು ಕೆತ್ತಿ ನಮಗೆ ಕೊಟ್ಟರು. ಮೊದಲನೆಯದನ್ನು ಕಮ್ಮಾರನಿಗೆ ಕೊಟ್ಟಿದ್ದರು.